ಮತಗಟ್ಟೆಯ ಸಾಲು, ಗ್ರಾಮಸಭೆಯ ಖಾಲಿ ಜಮಖಾನ

ಚಿಕ್ಕಮಗಳೂರು ಜಿಲ್ಲೆಯ ಮತದಾರನ ಒಲವು ಯಾವ ಪಕ್ಷದ ಕಡೆಗೆ ಎಂಬ ಪ್ರಶ್ನೆಗೆ ಇತ್ತೀಚಿನ ಚುನಾವಣೆಗಳು ಒಂದೊಂದೂ ಬೇರೆ ಬೇರೆ ಉತ್ತರ ಕೊಟ್ಟಿವೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಐದು ಸ್ಥಾನಗಳ ಪೈಕಿ ನಾಲ್ಕು ಭಾಜಪದ ಪಾಲಾದವು. ಕಾಂಗ್ರೆಸ್ಸಿಗೆ ದಕ್ಕಿದ್ದು ಶೃಂಗೇರಿ ಒಂದೇ. 2023ರಲ್ಲಿ ಐದಕ್ಕೆ ಐದೂ ಕಾಂಗ್ರೆಸ್ಸಿನವೆಂದು ಘೋಷಿತವಾದವು. ಶೃಂಗೇರಿಯಲ್ಲಿ ಅಂದು ಘೋಷಿಸಿದ ಅಂತರ 201 ಮತ ಮಾತ್ರ. ಮರುವರ್ಷ, 2024ರಲ್ಲಿ, ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಭಾಜಪವನ್ನೇ ಆರಿಸಿ ಕಳಿಸಿತು. ಹೀಗಿರುವಾಗ ಮಲೆನಾಡು ಇಂಥ ಪಕ್ಷದ ಭದ್ರಕೋಟೆ ಎಂದು ಹೇಳುವುದು ಅವಸರದ ಮಾತಾದೀತು.

ಒಲವು ಬದಲಾದರೂ ಮತ ಹಾಕುವ ಉತ್ಸಾಹ ಮಾತ್ರ ಕುಂದಿಲ್ಲ. 2024ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತ ಚಲಾಯಿಸಿದವರು ನೂರಕ್ಕೆ ಸುಮಾರು 53 ಮಂದಿಯಾದರೆ, ಉಡುಪಿ-ಚಿಕ್ಕಮಗಳೂರಿನಲ್ಲಿ ಸುಮಾರು 77 ಮಂದಿ. ಇಲ್ಲಿ ಮನೆಯಿಂದ ಮನೆಗೆ ಒಂದು ತೋಟದ, ಒಂದು ಹಳ್ಳದ ಅಂತರ. ಮತಗಟ್ಟೆ ಎರಡು ಕಿಲೋಮೀಟರಿನೊಳಗೆ ಇರಬೇಕೆಂಬುದು ಚುನಾವಣಾ ಆಯೋಗದ ನಿಯಮವಾದರೂ, ಕಾಲುಸಂಕ ದಾಟಿ ಏರು ಹತ್ತುವವರಿಗೆ ಆ ಎರಡು ಕಿಲೋಮೀಟರು ಪಟ್ಟಣದ ಎರಡು ಕಿಲೋಮೀಟರಲ್ಲ. ಆದರೂ ಜನ ಬರುತ್ತಾರೆ. ಸಣ್ಣ ಊರಿನಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಮತದಾನ ಅಲ್ಲಿ ಹಕ್ಕೂ ಹೌದು, ಊರಿನ ಮರ್ಯಾದೆಯೂ ಹೌದು.

ಪ್ರಶ್ನೆ ಇರುವುದು ಇಷ್ಟು ಶ್ರದ್ಧೆಯಿಂದ ಹಾಕಿದ ಮತ ಬೆಟ್ಟಕ್ಕೆ ಏನನ್ನು ತಂದಿತು ಎಂಬುದರಲ್ಲಿ. 1978ರ ನವೆಂಬರಿನಲ್ಲಿ ಇಡೀ ದೇಶ ಚಿಕ್ಕಮಗಳೂರಿನತ್ತ ನೋಡಿತು. ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆ ಪ್ರವೇಶಿಸಿದರು. ಡಿಸೆಂಬರಿನಲ್ಲಿ ಸದನ ಅವರನ್ನು ಉಚ್ಚಾಟಿಸಿತು. ರಾಷ್ಟ್ರರಾಜಕಾರಣ ಬೆಟ್ಟವನ್ನು ಮೆಟ್ಟಿಲಾಗಿ ಬಳಸಿ ಮುಂದೆ ಹೋಯಿತು. 2009ರ ಚುನಾವಣೆಯಿಂದ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಜಿಲ್ಲೆಗೆ ತನ್ನದೇ ಲೋಕಸಭಾ ಸ್ಥಾನವೂ ಉಳಿಯಲಿಲ್ಲ. ನಾಲ್ಕು ವಿಧಾನಸಭಾ ಕ್ಷೇತ್ರಗಳು ಕರಾವಳಿಯ ನಾಲ್ಕರೊಡನೆ ಸೇರಿದವು. ಕಡೂರು ಹಾಸನಕ್ಕೆ ಹೋಯಿತು.

ಕುದುರೆಮುಖದ ಕಬ್ಬಿಣದ ಗಣಿಗಾರಿಕೆ 2005ರ ಕೊನೆಗೆ ನಿಂತದ್ದು ಯಾವ ಪಕ್ಷದ ಪ್ರಣಾಳಿಕೆಯಿಂದಲೂ ಅಲ್ಲ. ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ. ಪಶ್ಚಿಮಘಟ್ಟ ಕುರಿತ ಗಾಡ್ಗೀಳ್ ಸಮಿತಿಯ ವರದಿ 2011ರಲ್ಲಿ, ಕಸ್ತೂರಿರಂಗನ್ ವರದಿ 2013ರಲ್ಲಿ ಬಂದವು. ಎರಡನೆಯದರ ಪ್ರಕಾರ ರಾಜ್ಯದ ಸುಮಾರು 20,000 ಚದರ ಕಿಲೋಮೀಟರು ಪ್ರದೇಶ ಪರಿಸರ ಸೂಕ್ಷ್ಮವಲಯಕ್ಕೆ ಸೇರಬೇಕಿತ್ತು. ಗಣಿ, ಕಲ್ಲುಕ್ವಾರಿ, ಉಷ್ಣವಿದ್ಯುತ್ ಸ್ಥಾವರ, ಬೃಹತ್ ಕಟ್ಟಡಗಳಿಗೆ ತಡೆ ಹಾಕುವುದು ಅದರ ಮುಖ್ಯ ಶಿಫಾರಸು. ಹಳ್ಳಿಗಳಿಗೆ ತಲುಪಿದ್ದು ‘ಒಕ್ಕಲೆಬ್ಬಿಸುತ್ತಾರೆ’ ಎಂಬ ಭಯ ಮಾತ್ರ. ಆ ಭಯವನ್ನು ನಿವಾರಿಸುವ, ವರದಿಯನ್ನು ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಿ ಚರ್ಚಿಸುವ ಹೊಣೆಯನ್ನು ಪಕ್ಷಗಳು ಹೊರಲಿಲ್ಲ. ಭಾಜಪ ಸರ್ಕಾರವೂ ವರದಿಯನ್ನು ವಿರೋಧಿಸಿತು. 2024ರ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಸರ್ಕಾರದ ಸಂಪುಟವೂ ತಿರಸ್ಕರಿಸಿತು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ಮಣ್ಣುಪಾಲಾದ ಮೇಲೂ ಈ ಒಮ್ಮತ ಕದಲಲಿಲ್ಲ. ಮತದಾರ ಪಕ್ಷ ಬದಲಿಸಿದ. ಬೆಟ್ಟದ ಬಗೆಗಿನ ನೀತಿ ಬದಲಾಗಲಿಲ್ಲ.

ಈ ಹತಾಶೆಯಿಂದಲೇ ಅಲ್ಲಲ್ಲಿ ಬಹಿಷ್ಕಾರದ ಫಲಕಗಳು ಏಳುತ್ತವೆ: ರಸ್ತೆಯಿಲ್ಲ, ಸೇತುವೆಯಿಲ್ಲ, ಹಕ್ಕುಪತ್ರವಿಲ್ಲ, ಆದ್ದರಿಂದ ಮತವಿಲ್ಲ. ನೋವು ನಿಜ. ಆದರೆ ಬಹಿಷ್ಕಾರ ಊರಿನ ಮೌನವನ್ನಷ್ಟೇ ದಾಖಲಿಸುತ್ತದೆ. 2013ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಬಂದ ‘ನೋಟಾ’ ಗುಂಡಿಯೂ ಅಸಮ್ಮತಿಯನ್ನು ಎಣಿಸುತ್ತದೆಯೇ ಹೊರತು ಗೆದ್ದವರನ್ನು ತಡೆಯುವುದಿಲ್ಲ. ಚೌಕಾಸಿಗೆ ಬರುವ ಅಧಿಕಾರಿ ಹಿಂದಿರುಗಿದ ಮೇಲೆ ಸೇತುವೆಯ ಭರವಸೆಯೂ ಮರೆತುಹೋಗುವುದು ಹೊಸ ಸಂಗತಿಯಲ್ಲ.

ಹಾಗಾದರೆ ದಾರಿ ಯಾವುದು? ಶಾಸನವೇ ಹಳ್ಳಿಗೆ ಕೊಟ್ಟ, ಹಳ್ಳಿ ಬಳಸದೆ ಬಿಟ್ಟ ಒಂದು ಅಧಿಕಾರವಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕಿನ ಅರ್ಜಿಗಳನ್ನು ಸ್ವೀಕರಿಸಿ, ಪರಿಶೀಲಿಸಿ ನಿರ್ಣಯ ಮಾಡುವ ಕೆಲಸ ಗ್ರಾಮಸಭೆಯಿಂದಲೇ ಆರಂಭವಾಗಬೇಕು. 2012ರ ತಿದ್ದುಪಡಿ ನಿಯಮಗಳ ಪ್ರಕಾರ ಆ ಸಭೆಗೆ ಸದಸ್ಯರಲ್ಲಿ ಅರ್ಧದಷ್ಟು ಜನ ಬರಬೇಕು. ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಅರಣ್ಯವಾಸಿ ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕಾಗಿರುವುದರಿಂದ, ಊರಿನ ಹಿರಿಯರ ಸಾಕ್ಷ್ಯಕ್ಕೆ ಅಲ್ಲಿ ವಿಶೇಷ ಬೆಲೆಯುಂಟು. ರಾಜ್ಯದಲ್ಲಿ ಸಲ್ಲಿಕೆಯಾದ ಅರ್ಜಿಗಳ ಬಹುಪಾಲು ತಿರಸ್ಕೃತವಾಗಿವೆ. ಹೀಗಿದ್ದೂ ಗ್ರಾಮಸಭೆಯೆಂದರೆ ಹಾಸಿದ ಜಮಖಾನ ಖಾಲಿ ಉಳಿಯುವುದು, ಸಹಿಯ ಪುಸ್ತಕ ಆಮೇಲೆ ಮನೆಮನೆ ಸುತ್ತುವುದು ಹಲವೆಡೆ ರೂಢಿಯಾಗಿದೆ.

ಐದು ವರ್ಷಕ್ಕೊಮ್ಮೆ ನೂರಕ್ಕೆ 77 ಮಂದಿ ಹಳ್ಳ ದಾಟಿ ಬರಬಲ್ಲ ಊರಿಗೆ ಗ್ರಾಮಸಭೆಗೆ 50 ಮಂದಿ ಬರುವುದು ಅಸಾಧ್ಯವೇ? ಕ್ವಾರಿ ಬೇಕೆ ಬೇಡವೆ, ಕಾನಿನ ಗಡಿ ಎಲ್ಲಿ, ಹಳ್ಳದ ನೀರು ಯಾರಿಗೆ ಎಂಬ ಪ್ರಶ್ನೆಗಳು ನಿರ್ಣಯವಾಗಿ, ಲಿಖಿತವಾಗಿ, ಜನರ ಸಹಿಯೊಡನೆ ಸಿದ್ಧವಿದ್ದರೆ ಮತ ಕೇಳಲು ಬಂದ ಅಭ್ಯರ್ಥಿ ಅದಕ್ಕೆ ಉತ್ತರಿಸಲೇಬೇಕಾಗುತ್ತದೆ. ರಜೆಗೆ ಊರಿಗೆ ಬರುವ ವಿದ್ಯಾರ್ಥಿಗಳು ವರದಿಗಳನ್ನು ಓದಿ ಹೇಳಲು, ಅರ್ಜಿ ಬರೆದುಕೊಡಲು, ನಡಾವಳಿಯ ಪ್ರತಿ ಇಡಲು ಮುಂದಾದರೆ ಈ ಕೆಲಸ ಅರ್ಧ ಮುಗಿದಂತೆ. ಬೆರಳಿನ ಶಾಯಿ ಕೆಲವು ವಾರಗಳಲ್ಲಿ ಅಳಿಯುತ್ತದೆ. ನಡಾವಳಿ ಪುಸ್ತಕದಲ್ಲಿ ಬರೆದ ನಿರ್ಣಯ ಉಳಿಯುತ್ತದೆ.