ಎಮ್ಯುಲೇಟರ್ ಅಂದ್ರೆ ಬರೀ ಬಟನ್ ಅಲ್ಲ

ಹಳೇ ಪ್ರೋಗ್ರಾಮೆಬಲ್ ಕ್ಯಾಲ್ಕುಲೇಟರಿಗೆ ಎಮ್ಯುಲೇಟರ್ ಬರೀತೀವಿ ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಮಾಡೋದು ಬಟನ್‌ಗಳ ಚಿತ್ರ. ಆಮೇಲೆ ಒಂದೊಂದು ಬಟನ್ನಿಗೂ ಒಂದೊಂದು ಫಂಕ್ಷನ್. ಸೈನ್ ಒತ್ತಿದರೆ ಸಿ ಲೈಬ್ರರಿಯ ಸೈನ್ ಕೆಲಸ ಮಾಡುತ್ತೆ. ಎರಡು ವಾರದಲ್ಲಿ ಡೆಮೊ ರೆಡಿ, ಮಿನಿ ಪ್ರಾಜೆಕ್ಟಿಗೆ ಮಾರ್ಕ್ಸೂ ಸಿಗುತ್ತೆ. ಆದರೆ ಅದು ಎಮ್ಯುಲೇಟರ್ ಅಲ್ಲ, ವೇಷ ಅಷ್ಟೇ ಅನ್ನೋದು ನಮ್ಮ ಅಭಿಪ್ರಾಯ.

1979ರಲ್ಲಿ ಬಂದ ಎಚ್‌ಪಿ-41ಸಿಯನ್ನೇ ತಗೊಳ್ಳಿ. ಅದರಲ್ಲಿ 1ನ್ನು 3ರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕಳೆದರೆ ಸೊನ್ನೆ ಬರಲ್ಲ. ಮೈನಸ್ 0.0000000001 ಉಳಿಯುತ್ತೆ, ಯಾಕಂದ್ರೆ ಆ ಯಂತ್ರ ಉತ್ತರವನ್ನು 10 ದಶಮಾಂಶ ಅಂಕಿಗಳಲ್ಲಿ ಇಟ್ಟುಕೊಳ್ಳುತ್ತೆ. ಸಿ ಭಾಷೆಯ ಡಬಲ್‌ನಲ್ಲಿ ಅದೇ ಲೆಕ್ಕ ಮಾಡಿ ನೋಡಿ, ನೇರ ಸೊನ್ನೆ. ಉತ್ತರ ಸೊನ್ನೆಯೇ ಅಂತ ಪರೀಕ್ಷಿಸಿ ಮುಂದೆ ಹೋಗುವ ಹಳೇ ಪ್ರೋಗ್ರಾಮ್ ಒಂದಿದ್ದರೆ, ನಿಮ್ಮ ನಕಲಿನಲ್ಲಿ ಅದು ಬೇರೆ ದಾರಿ ಹಿಡಿಯುತ್ತೆ.

ಇನ್ನೊಂದು ವಿಷಯ ಇದಕ್ಕಿಂತ ಮಜವಾಗಿದೆ. ಮೊದಮೊದಲ 41ಸಿಗಳಲ್ಲಿದ್ದ ಬಗ್‌ಗಳನ್ನು ಹಿಡಿದುಕೊಂಡು ಬಳಕೆದಾರರು ಕೀಬೋರ್ಡಿನಿಂದ ಒತ್ತಲಾಗದ ಆದೇಶಗಳನ್ನು ಸೃಷ್ಟಿಸಿದರು. ಅಕ್ಷರಗಳಿಗೆಂದು ಮೀಸಲಿದ್ದ ಆಲ್ಫಾ ರಿಜಿಸ್ಟರಿನ ತುಂಡುಗಳಲ್ಲಿ ಸಂಖ್ಯೆ ಬಚ್ಚಿಟ್ಟರು. ಇದಕ್ಕೆ ಸಿಂಥೆಟಿಕ್ ಪ್ರೋಗ್ರಾಮಿಂಗ್ ಅಂತ ಹೆಸರೇ ಬಿತ್ತು. ಕಂಪನಿಯ ಮ್ಯಾನುಯಲ್ ನೋಡಿ ಬರೆದ ನಕಲಿನಲ್ಲಿ ಈ ಪ್ರೋಗ್ರಾಮ್‌ಗಳು ಓಡೋದಿಲ್ಲ. ಆ ಯಂತ್ರದ ಬಳಕೆದಾರರು ಕಟ್ಟಿದ್ದರಲ್ಲಿ ಒಳ್ಳೇ ಪಾಲು ಅಲ್ಲೇ ಹೋಯ್ತು.

ಹಾಗಾಗಿ ಪ್ರೊಸೆಸರನ್ನೇ ಬರೆಯಬೇಕು ಅಂತೀವಿ. 41ಸಿಯ ಚಿಪ್ಪಿನ ಹೆಸರು ನಟ್. ಅದರ ಮುಖ್ಯ ರಿಜಿಸ್ಟರುಗಳು 56 ಬಿಟ್, ಅಂದರೆ 4 ಬಿಟ್ಟಿನ 14 ಅಂಕಿ. ಚಿಹ್ನೆಗೆ 1, ಮ್ಯಾಂಟಿಸಾಗೆ 10, ಘಾತ ಮತ್ತು ಅದರ ಚಿಹ್ನೆಗೆ 3. ಕೂಡು ಅನ್ನುವ ಆದೇಶ ಇಡೀ ರಿಜಿಸ್ಟರಿಗೂ ಅನ್ವಯಿಸಬಹುದು, ಬರೀ ಘಾತದ ಭಾಗಕ್ಕೂ ಅನ್ವಯಿಸಬಹುದು. ಒಂದು ಆದೇಶ 10 ಬಿಟ್. ಮೂಲ ಪ್ರೋಗ್ರಾಮ್ ಒಟ್ಟು 12ಕೆ ಪದ, ಅಷ್ಟೇ. ಕೂಡೋದು, ದಶಕ ಒಯ್ಯೋದು, ಜಿಗಿಯೋದು ಇವಿಷ್ಟು ಸರಿಯಾಗಿ ಬರೆದರೆ ಸೈನೂ ಲಾಗೂ ನೀವು ಬರೆಯಲೇ ಬೇಕಿಲ್ಲ, ಎಚ್‌ಪಿಯವರು 1979ರಲ್ಲೇ ಬರೆದಿಟ್ಟಿದ್ದಾರೆ. ಕಂಪ್ಯೂಟರ್ ಆರ್ಗನೈಸೇಶನ್ ಪೇಪರಿನಲ್ಲಿ ಫೆಚ್, ಡಿಕೋಡ್, ಎಕ್ಸಿಕ್ಯೂಟ್ ಅಂತ ಮೂರು ಡಬ್ಬ ಬರೆದು ಮರೆತವರಿಗೆ ಆ ಡಬ್ಬಗಳು ಇಲ್ಲಿ ಕೈಗೆ ಸಿಗುತ್ತವೆ.

ಫ್ರೀ42 ಇದೆಯಲ್ಲ, ಅದೂ ನಕಲೇನಾ ಅಂತ ಕೇಳಬಹುದು. ಎಚ್‌ಪಿ-42ಎಸ್ ನಡೆದುಕೊಳ್ಳುವ ರೀತಿಯನ್ನು ಎಚ್‌ಪಿ ಕೋಡ್ ಮುಟ್ಟದೆ ಹೊಸದಾಗಿ ಬರೆದ ಸಾಫ್ಟ್‌ವೇರ್ ಅದು, ದಿನಬಳಕೆಗೆ ಸೊಗಸಾಗಿದೆ. ಲೆಕ್ಕ ಮಾಡೋದಷ್ಟೇ ಉದ್ದೇಶ ಆಗಿದ್ರೆ ಆ ದಾರಿಯೇ ಸರಿ. ಹಳೇ ಯಂತ್ರವನ್ನು ಅದರ ತಪ್ಪುಗಳ ಸಮೇತ ಉಳಿಸಬೇಕು ಅಂದ್ರೆ ಸಾಲದು.

ವೇಗವನ್ನೂ ಬೇಕಂತಲೇ ಇಳಿಸಬೇಕಾಗುತ್ತೆ. ನಟ್ ಸೆಕೆಂಡಿಗೆ ಓಡಿಸ್ತಿದ್ದದ್ದು ಸುಮಾರು 6000 ಆದೇಶ. ಲ್ಯಾಪ್‌ಟಾಪ್ ವೇಗಕ್ಕೆ ಬಿಟ್ಟರೆ ಪ್ರೋಗ್ರಾಮ್ ಓಡುವಾಗ ಡಿಸ್‌ಪ್ಲೇಯಲ್ಲಿ ಹಾರುವ ಪುಟ್ಟ ಬಾತುಕೋಳಿ ಕಣ್ಣಿಗೇ ಬೀಳಲ್ಲ, ಆಟಗಳಂತೂ ಆಡೋ ಹಾಗೇ ಇರಲ್ಲ.

ಈ ಸೆಮಿಸ್ಟರಿನಲ್ಲಿ ಯಾರಾದ್ರೂ ಕೈಹಾಕೋದಾದ್ರೆ, 14 ಅಂಕಿಯ ದಶಮಾಂಶ ಕೂಡುವಿಕೆಯಿಂದ ಶುರು ಮಾಡಿ, ಮೇಲಿನ ಮೂರನೇ ಒಂದರ ಲೆಕ್ಕ ಹಾಕಿ ನೋಡಿ. ಬಟನ್ ಚಿತ್ರ ಕೊನೇ ವಾರದಲ್ಲಿ ಬರೆದರಾಯ್ತು.