ಹೊಗಳಿಕೆ ಸಾಲದು, ಓದಲು ಹೊತ್ತು ಕೊಡಲಿ



ಅಮೆರಿಕದ ಕಾಲೇಜು ಫುಟ್‌ಬಾಲ್ ಆಟಗಾರರು ಓದು, ಆಟ, ಸಮಾಜಸೇವೆ ಮೂರರಲ್ಲೂ ಮುಂದಿದ್ದಾರೆ, ನಮ್ಮ ಕಾಲೇಜುಗಳಿಗೂ ಅದೇ ವ್ಯವಸ್ಥೆ ಬರಬೇಕು ಎನ್ನುವ ಲೇಖನವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಆಟಗಾರರಿಗೆ ಸಂಜೆ ಹೊತ್ತು ರಸಾಯನಶಾಸ್ತ್ರ ಹೇಳಿಕೊಡುವ ನಾನು ಆ ಮಾತನ್ನು ಒಪ್ಪಲಾರೆ.

ಅಂಥ ಹುಡುಗರಿದ್ದಾರೆ, ನಿಜ. 1990ರಿಂದ ಕೊಡುತ್ತಿರುವ ಕ್ಯಾಂಪ್‌ಬೆಲ್ ಟ್ರೋಫಿ ಇರುವುದೇ ಅವರಿಗಾಗಿ. ಆದರೆ ಅವರಲ್ಲಿ ಅನೇಕರು ಈ ವ್ಯವಸ್ಥೆಯೊಂದಿಗೆ ಗುದ್ದಾಡಿಯೇ ಮೇಲೆ ಬಂದವರು. ಮೈರನ್ ರೋಲ್ ಅವರನ್ನೇ ನೋಡಿ. ಫ್ಲಾರಿಡಾ ಸ್ಟೇಟ್ ತಂಡದಲ್ಲಿ ಆಡುತ್ತಲೇ ಎರಡೂವರೆ ವರ್ಷದಲ್ಲಿ ಪದವಿ ಮುಗಿಸಿದರು. ಮೂಲನಿವಾಸಿ ಮಕ್ಕಳ ಆರೋಗ್ಯಕ್ಕಾಗಿ ಕಾರ್ಯಕ್ರಮ ನಡೆಸಿದರು. 2008ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು, ಮರುವರ್ಷದ ಆಟ ಬಿಟ್ಟು ಆಕ್ಸ್‌ಫರ್ಡ್‌ಗೆ ಹೋದರು. ಮರಳಿದಾಗ ವೃತ್ತಿಪರ ತಂಡವೊಂದು ಸಂದರ್ಶನದಲ್ಲಿ ಕೇಳಿದ್ದು, ಜೊತೆಗಾರರನ್ನು ಕೈಬಿಟ್ಟು ಹೋಗಿದ್ದು ಹೇಗನ್ನಿಸಿತು ಎಂದು! 2010ರಲ್ಲಿ ವೃತ್ತಿಪರ ತಂಡಗಳ ಆಟಗಾರರ ಆಯ್ಕೆಯಲ್ಲಿ ಆರನೇ ಸುತ್ತಿನವರೆಗೂ ಅವರನ್ನು ಯಾರೂ ಆರಿಸಲಿಲ್ಲ. ವೃತ್ತಿಪರ ಎನ್‌ಎಫ್‌ಎಲ್ ಲೀಗ್‌ನ ಒಂದು ಪಂದ್ಯವನ್ನೂ ಆಡದೆ ಅವರು ವೈದ್ಯಕೀಯಕ್ಕೆ ತಿರುಗಿ ಮೆದುಳಿನ ಶಸ್ತ್ರಚಿಕಿತ್ಸೆ ಕಲಿತರು.

ನಮ್ಮ ಕ್ರಿಕೆಟಿಗ ಎರಪಳ್ಳಿ ಪ್ರಸನ್ನ ಅವರೂ 1962ರ ವೆಸ್ಟ್ ಇಂಡೀಸ್ ಪ್ರವಾಸದ ಬಳಿಕ ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಲು ಕೂತರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಆದರೆ ಓದಿಗೆಂದು ದೂರ ಹೋದ ಅವರಿಗೆ ತಂಡದ ಬಾಗಿಲು ಮತ್ತೆ ತೆರೆಯಿತು.

ಅಮೆರಿಕದ ಕಾಲೇಜು ಕ್ರೀಡೆಯ ನಿಯಮದ ಪ್ರಕಾರ ಆಟಕ್ಕೆ ವಾರಕ್ಕೆ 20 ಗಂಟೆ ಮಾತ್ರ. ಆದರೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆಟಗಾರರು ಸಂಘ ಕಟ್ಟಲು ಹೊರಟ ಪ್ರಕರಣದಲ್ಲಿ, 2014ರಲ್ಲಿ ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ ಕಂಡುಕೊಂಡಂತೆ, ಋತುವಿನಲ್ಲಿ ಅದು 40ರಿಂದ 50 ಗಂಟೆ. ಉತ್ತರ ಕ್ಯಾರೊಲೈನಾದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದಲ್ಲಂತೂ ಪಾಠವೇ ನಡೆಯದ ತರಗತಿಗಳು 18 ವರ್ಷ ನಡೆದವು. ಅವುಗಳಲ್ಲಿ ಅಂಕ ಪಡೆದ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಆಟಗಾರರು.

ನನ್ನ ಬಳಿ ಬರುವ ಒಬ್ಬ ಹುಡುಗನಿಗೆ ಡಾಕ್ಟರ್ ಆಗುವಾಸೆ. ರಾತ್ರಿ ಒಂಬತ್ತಕ್ಕೆ ಮೊಣಕಾಲಿಗೆ ಐಸ್ ಚೀಲ ಕಟ್ಟಿಕೊಂಡು ಕೂತು, ಬೆಂಜೀನ್ ಉಂಗುರ ಬರೆಯುತ್ತಲೇ ತೂಕಡಿಸುತ್ತಾನೆ. ಲ್ಯಾಬ್ ಇರುವುದು ಮಧ್ಯಾಹ್ನ, ಅಭ್ಯಾಸವೂ ಆಗಲೇ. ಲ್ಯಾಬ್ ಸಮಯ ಬದಲಿಸಿ ಎಂದು ಕೇಳಿದ್ದಕ್ಕೆ ಅವನಿಗೆ ಸಿಕ್ಕ ಸಲಹೆ, ವಿಷಯವನ್ನೇ ಬದಲಿಸು ಎಂಬುದು. ಭಾನುವಾರ ಅವನು ಬಡಾವಣೆಯ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಓದಲು ಕಲಿಸುತ್ತಾನೆ. ತಂಡದವರ ಆಸ್ಪತ್ರೆ ಭೇಟಿಯ ಫೋಟೊಗಳು ಎಲ್ಲೆಡೆ ಬರುತ್ತವೆ. ಅವನ ಭಾನುವಾರದ ಈ ಕೆಲಸವನ್ನು ಕೇಳುವವರೇ ಇಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಪ್ರಯಾಣ, ಜಿಮ್, ವಿಡಿಯೊ ನೋಡುವ ಹೊತ್ತು ಎಲ್ಲವೂ ಆ 20 ಗಂಟೆಯೊಳಗೇ ಬರಬೇಕು. ಲ್ಯಾಬ್‌ಗೆ ಹೋದವನು ತಂಡದಲ್ಲಿ ಜಾಗ ಕಳೆದುಕೊಳ್ಳಬಾರದು. ಗಾಯಗೊಂಡವನಿಗೂ ಪದವಿ ಮುಗಿಯುವವರೆಗೆ ವಿದ್ಯಾರ್ಥಿವೇತನ ಸಿಗಬೇಕು. ಇಷ್ಟಾಗದ ಹೊರತು ಈ ವ್ಯವಸ್ಥೆಯನ್ನು ಕರ್ನಾಟಕಕ್ಕೆ ತರುವ ಮಾತು ಬೇಡ. ಇಂಥ ಆಟಗಾರರ ಬಗ್ಗೆ ಇನ್ನೊಮ್ಮೆ ಬರೆಯುವಾಗ, ಅವರ ತಂಡದಲ್ಲಿ ಎಷ್ಟು ಜನ ತಾವು ಬಯಸಿದ ವಿಷಯದಲ್ಲೇ ಪದವಿ ಪಡೆದರು ಎಂಬುದನ್ನೂ ದಯವಿಟ್ಟು ವಿಚಾರಿಸಿ ಪ್ರಕಟಿಸಿ.

– ಅಮೆರಿಕದಿಂದ ಒಬ್ಬ ಓದುಗ