ಕಾರ್ಡಿಗೆ ಯಾವುದು, ಬಾಯಿಗೆ ಯಾವುದು

ವ್ಯಾಕರಣ ನೆನಪಿಟ್ಟುಕೊಳ್ಳುವ ವಿಷಯವೇ, ರೂಢಿಸಿಕೊಳ್ಳುವ ವಿಷಯವೇ? ಜಪಾನಿ ಭಾಷೆ ಕಲಿಯುವವರಿಗೆ ಬೆಳಗಾದರೆ ಈ ಪ್ರಶ್ನೆ ಎದುರಾಗುತ್ತದೆ. ಬಹಳ ಮಂದಿಯ ಫೋನಿನಲ್ಲಿ ಆಂಕಿ ಇರುತ್ತದೆ. ನೆನಪಿರುವ ಕಾರ್ಡನ್ನು ವಾರಗಟ್ಟಲೆ ಮುಂದಕ್ಕೆ ಹಾಕಿ, ಮರೆತದ್ದನ್ನು ಬೇಗನೆ ಮತ್ತೆ ಎದುರಿಗಿಡುವ ಈ ತಂತ್ರಾಂಶವನ್ನು 2006ರಲ್ಲಿ ಹೊರತಂದ ಡೇಮಿಯನ್ ಎಲ್ಮ್ಸ್ ಸ್ವತಃ ಜಪಾನಿ ಕಲಿಯುತ್ತಿದ್ದವರು. ನಿತ್ಯಬಳಕೆಯವೆಂದು ಗೊತ್ತುಮಾಡಿರುವ 2,136 ಕಾಂಜಿ ಲಿಪಿಚಿಹ್ನೆಗಳನ್ನು ತಲೆಯಲ್ಲಿ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಅದೇ ಹುರುಪಿನಲ್ಲಿ ವ್ಯಾಕರಣವನ್ನೂ ಕಾರ್ಡಿಗೆ ತುರುಕಿದರೆ ಮಾತ್ರ ಶ್ರಮವೆಲ್ಲ ಎಲ್ಲೋ ಸೋರಿಹೋಗುತ್ತದೆ.

ಕಾರಣ ಈ ವಿಧಾನದ ಬೇರಿನಲ್ಲೇ ಇದೆ. ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ನೆನಪು–ಮರೆವಿನ ಅಧ್ಯಯನಕ್ಕೆ ಬಳಸಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ಹಳೆಯ ತಿಳಿವಳಿಕೆಯ ನೆರವು ಸಿಗದಿರಲೆಂದೇ ಅವರು ಹಾಗೆ ಮಾಡಿದರು. ವ್ಯಾಕರಣದಲ್ಲಾದರೋ ಒಂದಕ್ಕೊಂದು ಇರುವ ನಂಟೇ ಎಲ್ಲ.

‘ನೊಮು’ ಎಂದರೆ ಕುಡಿ, ‘ನೊಂದೆ’ ಎಂದರೆ ಕುಡಿದು. ಇದನ್ನು ಒಂದು ಕಾರ್ಡಾಗಿ ಮಾಡಿ ತಿಂಗಳುಗಟ್ಟಲೆ ತಿರುವಿದರೆ ಉತ್ತರ ತಾನಾಗಿ ನಾಲಿಗೆಗೆ ಬರುತ್ತದೆ. ಆದರೆ ಬಂದದ್ದು ಆ ಕಾರ್ಡಿನ ಉತ್ತರ. ಆಡು ಎಂಬರ್ಥದ ‘ಅಸೊಬು’ ಎದುರಾದಾಗ ಅದೇ ಕಲಿಕಾರ್ಥಿ ತಡವರಿಸಬಹುದು. ‘ಮು’, ‘ಬು’, ‘ನು’ಗಳಲ್ಲಿ ಮುಗಿಯುವ ಕ್ರಿಯಾಪದಗಳೆಲ್ಲ ‘ಂದೆ’ ಆಗುತ್ತವೆ ಎಂದು ತಿಳಿದು, ಹೊಸ ಹೊಸ ಕ್ರಿಯಾಪದಗಳ ಮೇಲೆ ಬಾಯಾರೆ ಪ್ರಯೋಗಿಸಿದವರು ‘ಅಸೊಂದೆ’ ಎಂದು ತಾವೇ ಕಟ್ಟಿಕೊಳ್ಳುತ್ತಾರೆ. ಮಕ್ಕಳು ನಿಯಮ ಕಲಿಯದೆಯೇ ಮಾತಾಡುವುದಿಲ್ಲವೇ, ವಾಕ್ಯಗಳನ್ನೇ ಕಾರ್ಡು ಮಾಡಿಕೊಂಡರೆ ಸಾಲದೇ ಎನ್ನುವವರಿದ್ದಾರೆ. ಮಗುವಿನ ಕಿವಿಗೆ ಒಂದೇ ರೂಪ ದಿನವಿಡೀ ಬೇರೆ ಬೇರೆ ವಾಕ್ಯಗಳಲ್ಲಿ ಬೀಳುತ್ತದೆ. ಕಾರ್ಡಿನಲ್ಲಿ ಅದೇ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಮೊದಲ ಪದ ಕಂಡೊಡನೆ ಕೊನೆಯದು ನೆನಪಾದರೆ ನಡುವಿನ ವ್ಯಾಕರಣವನ್ನು ಯಾರೂ ನೋಡುವುದಿಲ್ಲ.

ಹಾಗಾದರೆ ಕಾರ್ಡಿಗೆ ಸಲ್ಲುವುದು ಯಾವುದು? ಊಹಿಸಲಾಗದ್ದು. ಉಚ್ಚಾರಣೆಯನ್ನಷ್ಟೇ ಸೂಚಿಸುವ ಕಾನ ಅಕ್ಷರಗಳಲ್ಲಿ ಬರೆದಾಗ ‘ಕಿರು’ ಎಂಬ ಎರಡು ಕ್ರಿಯಾಪದಗಳು ಒಂದೇ ರೀತಿ ಕಾಣುತ್ತವೆ. ಕತ್ತರಿಸು ಎಂಬರ್ಥದ್ದು ‘ಕಿತ್ತೆ’ ಆಗುತ್ತದೆ, ತೊಡು ಎಂಬರ್ಥದ್ದು ‘ಕಿತೆ’. ಯಾವುದು ಯಾವ ರೂಪ ಪಡೆಯುತ್ತದೆಂದು ನೆನಪಿಡದೆ ಗತ್ಯಂತರವಿಲ್ಲ. ‘ತೊಮರು’ ನಿಲ್ಲು, ‘ತೊಮೆರು’ ನಿಲ್ಲಿಸು; ‘ಒಚಿರು’ ಬೀಳು, ‘ಒತೊಸು’ ಬೀಳಿಸು. ಕನ್ನಡದಲ್ಲಿ ‘ಇಸು’ ಸೇರಿಸಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಇಲ್ಲಿ ಈ ಜೋಡಿಗಳನ್ನು ಒಂದೊಂದಾಗಿಯೇ ಕಲಿಯಬೇಕು.

ಪದಗಳನ್ನು ಕೂಡಿಸುವಾಗಲೂ ಇದೇ ಕಥೆ. ‘ತೆ’ (ಕೈ), ‘ಕಮಿ’ (ಕಾಗದ) ಸೇರಿ ‘ತೆಗಮಿ’, ಅಂದರೆ ಪತ್ರ. ಮಳೆ, ಕಾಲ ಸೇರಿ ಮಳೆಗಾಲವಾಗುವ ಆದೇಶ ಸಂಧಿ ಬಲ್ಲ ನಮಗೆ ಇದು ಕೂಡಲೇ ಹಿಡಿಸುತ್ತದೆ. ಎರಡನೆಯ ಪದದಲ್ಲಿ ಆಗಲೇ ‘ಗ, ಜ, ದ, ಬ’ಗಳ ಬಗೆಯ ಧ್ವನಿಯಿದ್ದರೆ ಸಾಮಾನ್ಯವಾಗಿ ಈ ಬದಲಾವಣೆ ಆಗುವುದಿಲ್ಲ ಎಂಬ ಒಳ್ಳೆಯ ನಿಯಮವೂ ಉಂಟು. ಆದರೂ ಆ ಅಕ್ಷರಗಳ ಹೆಸರಾದ ‘ಕಾನ’ವೇ ಹಿರಗಾನ ಎಂಬ ಲಿಪಿಯ ಹೆಸರಿನಲ್ಲಿ ‘ಗಾನ’ವಾಗಿ, ಕತಕಾನ ಎಂಬ ಲಿಪಿಯ ಹೆಸರಿನಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಆದ್ದರಿಂದ ನಿಯಮವನ್ನು ಒಮ್ಮೆ ಅರಿತು, ಕೂಡುಪದವನ್ನು ಇಡಿಯಾಗಿ ಕಾರ್ಡಿಗೆ ಹಾಕುವುದೇ ಸರಿ.

ಕನ್ನಡದಂತೆಯೇ ಇರುವ ರಚನೆಗಳೂ ಇವೆ: ‘ತಬೆತೆ ಮಿರು’ ಅಕ್ಷರಶಃ ನಮ್ಮ ‘ತಿಂದು ನೋಡು’. ಇಂಥವಕ್ಕೆ ಕನ್ನಡಿಗರು ಕಾರ್ಡು ಮಾಡಿಕೊಳ್ಳುವುದು ದಂಡ. ಉಳಿದ ಸಮಯವನ್ನು ಕೊಡುವುದಕ್ಕಿರುವ ಎರಡು ಕ್ರಿಯಾಪದಗಳಿಗೆ ಮೀಸಲಿಡಲಿ: ನಮ್ಮ ಕಡೆಯಿಂದ ಹೊರಗೆ ಹೋದರೆ ‘ಅಗೆರು’, ನಮ್ಮ ಕಡೆಗೆ ಬಂದರೆ ‘ಕುರೆರು’. ಅಲ್ಲಿ ಕಾರ್ಡಿನ ಮುಖದ ಮೇಲೆ ಪದ ಬರೆದರೆ ಸಾಲದು, ಸನ್ನಿವೇಶ ಬರೆಯಬೇಕು. ಗೆಳತಿ ನನ್ನ ತಂಗಿಗೆ ಪುಸ್ತಕ ಕೊಟ್ಟಳು ಎಂದಿದ್ದರೆ ಉತ್ತರ ‘ಕುರೆತ’. ಪುಸ್ತಕ ನನ್ನ ಕೈಗೆ ಬಾರದಿದ್ದರೂ ತಂಗಿ ನನ್ನ ಕಡೆಯವಳು.